ಹಳೆಯ ಬ್ರೌಸರ್ ಎಂಬ ಸ್ಟೆಪ್ನಿ

ಹಿಂದೂಪುರದಲ್ಲಿ ನಾನು ಕೆಲಸ ಮಾಡುವ ವರ್ಕ್‌ಶಾಪಿನಲ್ಲಾಗಲಿ, ಕಲ್ಯಾಣದುರ್ಗದಲ್ಲಿ ತಂದೆಯ ಅಂಗಡಿ ಇರುವ ಬೀದಿಯಲ್ಲಾಗಲಿ, ಕಂಪ್ಯೂಟರ್ ವಿಷಯ ಬಂದರೆ ನನಗೆ ಕೇಳಿಬರುವ ಮಾತು ಒಂದೇ: "ಅಪ್‌ಡೇಟ್ ಆದ ಮೇಲೆ ಅದು ಓಡ್ತಾ ಇಲ್ಲ ಭಾಯ್, ಹಳೇದನ್ನೇ ಹಾಕಿಕೊಡಿ." ನಾನು ಕಲಿತದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಆದರೆ ಡಿಪ್ಲೊಮಾ ಆದವನಿಗೆ ಮಿಕ್ಸಿಯಿಂದ ಕಂಪ್ಯೂಟರ್‌ವರೆಗೆ ಎಲ್ಲವೂ ಗೊತ್ತಿರಬೇಕು ಎಂಬುದು ನಮ್ಮ ಜನರ ಲೆಕ್ಕ.

"ಅದು" ಎಂದರೆ ಹೆಚ್ಚಿನ ಸಲ ಬ್ರೌಸರಿನ ಆ್ಯಡ್-ಆನ್. ಹೀಗೆ ಕೇಳುವವರನ್ನು ನಾನು ದಡ್ಡರು ಎನ್ನುವುದಿಲ್ಲ. ಆದರೆ ಹಳೆಯ ವರ್ಷನ್ ಎಂಬುದು ಗಾಡಿಯ ಸ್ಟೆಪ್ನಿ. ಮುಂದಿನ ಪಂಕ್ಚರ್ ಅಂಗಡಿಯವರೆಗೆ ಹೋಗಲು ಅದು ಬೇಕು. ಸ್ಟೆಪ್ನಿ ಟಯರು ಸವೆದದ್ದಾಗಿದ್ದರೆ ಅದರಲ್ಲೇ ವರ್ಷಗಟ್ಟಲೆ ಓಡಿಸಲು ಯಾರೂ ಹೋಗುವುದಿಲ್ಲ.

ಜನರಿಗೆ ಈ ಅಭ್ಯಾಸ ಹತ್ತಿದ್ದಕ್ಕೆ ಕಾರಣವಿದೆ. 2017ರ ನವೆಂಬರ್ 14ರಂದು ಫೈರ್‌ಫಾಕ್ಸ್ 57 ಬಂತು. ಅಲ್ಲಿಂದ ಹಳೆಯ ಮಾದರಿಯ ಆ್ಯಡ್-ಆನ್‌ಗಳು ಒಂದೂ ಓಡಲಿಲ್ಲ. ನಮ್ಮ ಕಡೆಯವರಿಗೆ ಬೇಕಾದ ಒಂದು ಉದಾಹರಣೆ ಕೊಡುತ್ತೇನೆ. ಯೂನಿಕೋಡ್ ಎಲ್ಲ ಕಡೆ ಬರುವ ಮೊದಲು 'ಈನಾಡು'ವಿನಂಥ ತೆಲುಗು ಪತ್ರಿಕೆಗಳ ವೆಬ್‌ಸೈಟ್‌ಗಳು ತಮ್ಮದೇ ಫಾಂಟ್‌ನಲ್ಲಿ ಇರುತ್ತಿದ್ದವು. ಅದನ್ನು ಯೂನಿಕೋಡ್ ತೆಲುಗಿಗೆ ತಿರುಗಿಸಿ ತೋರಿಸಲು 'ಪದ್ಮ' ಎಂಬ ಆ್ಯಡ್-ಆನ್ ಇತ್ತು. ವೆಬ್ ಪುಟಗಳನ್ನು ಕಂಪ್ಯೂಟರಿನಲ್ಲೇ ಕೂಡಿಡಲು 'ಸ್ಕ್ರಾಪ್‌ಬುಕ್' ಇತ್ತು. ಎರಡೂ ಹಳೆಯ ಮಾದರಿಯವು. ವರ್ಷಗಟ್ಟಲೆ ಕೂಡಿಟ್ಟ ಪುಟಗಳು ಒಂದು ಬೆಳಿಗ್ಗೆ ಕಾಣದಂತಾದರೆ ಯಾರಾದರೂ ಹಿಂದಿನದಕ್ಕೇ ಓಡುತ್ತಾರೆ.

ಹಾಗೆಂದು ತಯಾರಿಸಿದವರು ಸುಮ್ಮನೆ ಕಿತ್ತುಹಾಕಿದ್ದಲ್ಲ. ಹಳೆಯ ಆ್ಯಡ್-ಆನ್ ಬ್ರೌಸರಿನ ಒಳಗಿನ ಯಾವ ಭಾಗಕ್ಕೂ ಕೈ ಹಾಕಬಹುದಿತ್ತು. ಎಂಜಿನ್ ತೆರೆದು ನಟ್ಟು ಬೋಲ್ಟು ಬದಲಿಸುವಷ್ಟು ಸ್ವಾತಂತ್ರ್ಯ. ಹಾಗಾಗಿ ಒಳಗೆ ಏನು ಬದಲಿಸಿದರೂ ಯಾವುದೋ ಆ್ಯಡ್-ಆನ್ ಕೆಡುತ್ತಿತ್ತು, ಕೆಟ್ಟ ಉದ್ದೇಶದವರಿಗೂ ಅದೇ ಬಾಗಿಲು ತೆರೆದಿರುತ್ತಿತ್ತು. ಹಳೆಯ ಮಾದರಿ ಹೋಗಲಿದೆ ಎಂದು 2015ರ ಆಗಸ್ಟ್‌ನಲ್ಲೇ ಮೊಜಿಲ್ಲಾ ಹೇಳಿತ್ತು. ಕೂಡಲೇ ಬದಲಾಗಲು ಆಗದವರಿಗೆ ಇ.ಎಸ್.ಆರ್. 52 ಎಂಬ ಸಾಲು ಇತ್ತು. ಅದರಲ್ಲಿ ಹಳೆಯ ಆ್ಯಡ್-ಆನ್‌ಗಳೂ ಓಡುತ್ತಿದ್ದವು, ಭದ್ರತೆಯ ರಿಪೇರಿಯೂ 2018ರ ಸೆಪ್ಟೆಂಬರ್‌ವರೆಗೆ ಸಿಗುತ್ತಿತ್ತು. ನನ್ನ ಪ್ರಕಾರ ಅದು ಸರಿಯಾದ ಸ್ಟೆಪ್ನಿ. ಆದರೆ ಈ ಸುದ್ದಿ ಕಲ್ಯಾಣದುರ್ಗದ ಅಂಗಡಿಯವನಿಗೆ ಅವನ ಭಾಷೆಯಲ್ಲಿ ತಲುಪಿತೇ? ಇಲ್ಲ. ನನ್ನ ದೂರು ಇರುವುದು ಅಲ್ಲಿ.

ಇನ್ನೊಂದು ಸಂಗತಿ. 2019ರ ಮೇ 4ರ ಬೆಳಿಗ್ಗೆ ಲೋಕದ ತುಂಬ ಫೈರ್‌ಫಾಕ್ಸ್ ಆ್ಯಡ್-ಆನ್‌ಗಳು ಒಟ್ಟಿಗೆ ನಿಂತುಹೋದವು. ಅವು ಅಸಲಿ ಎಂದು ತೋರಿಸುವ ಸರ್ಟಿಫಿಕೇಟ್ ಒಂದರ ಅವಧಿ ಮುಗಿದಿತ್ತು. ಆವತ್ತು ಹಿಂದಿನ ವರ್ಷನ್ ಹಾಕಿದರೂ ಪ್ರಯೋಜನವಿರಲಿಲ್ಲ, ಏಕೆಂದರೆ ತೊಂದರೆ ವರ್ಷನ್‌ನಲ್ಲಿ ಇರಲೇ ಇಲ್ಲ. ಮರುದಿನವೇ 66.0.4 ಬಂದು ಸರಿಯಾಯಿತು. ಆರು ವಾರ ಕಳೆದು, ಜೂನ್ 18ರಂದು, ದಾಳಿಕೋರರು ಆಗಲೇ ಬಳಸುತ್ತಿದ್ದ ಒಂದು ತೂತನ್ನು 67.0.3ರಲ್ಲಿ ಮುಚ್ಚಿದರು. ಮೇ ತಿಂಗಳಲ್ಲಿ ಸಿಟ್ಟಿನಿಂದ ಅಪ್‌ಡೇಟ್ ಬಂದ್ ಮಾಡಿ ಕೂತವನಿಗೆ ಆ ರಿಪೇರಿ ಸಿಗಲಿಲ್ಲ.

2025ರ ಮಾರ್ಚ್ 14ರಂದು ಇದು ಉಲ್ಟಾ ಆಯಿತು. ಮೊಜಿಲ್ಲಾದ ಒಂದು ಮೂಲ ಸರ್ಟಿಫಿಕೇಟ್ ಅಂದು ಮುಗಿಯುವುದಿತ್ತು. ಫೈರ್‌ಫಾಕ್ಸ್ 128ಕ್ಕಿಂತ ಅಥವಾ ಇ.ಎಸ್.ಆರ್. 115.13ಕ್ಕಿಂತ ಹಿಂದೆ ಇರುವವರ ಆ್ಯಡ್-ಆನ್‌ಗಳು ನಿಲ್ಲಬಹುದು ಎಂದು ಮೊದಲೇ ಎಚ್ಚರಿಸಿದ್ದರು. ಅಂದರೆ ಆ್ಯಡ್-ಆನ್ ಉಳಿಸಲು ಹಳೆಯದನ್ನು ಹಿಡಿದು ಕೂತವನಿಗೇ ಆ್ಯಡ್-ಆನ್ ಹೋಗುವ ಕಾಲ.

ಕ್ರೋಮ್ ಬಳಸುವವರಿಗೂ ಈಚೆಗೆ ಇದೇ ಪಾಡು. 2024-25ರಲ್ಲಿ ಅಲ್ಲಿಯೂ ಹಳೆಯ ಮಾದರಿಯವು ಹಂತ ಹಂತವಾಗಿ ಹೋದವು, ಜಾಹೀರಾತು ತಡೆಯುವ 'ಯುಬ್ಲಾಕ್ ಒರಿಜಿನ್' ಕೂಡ. ಅದಕ್ಕೆ 'ಲೈಟ್' ಎಂಬ ಸಣ್ಣ ತಮ್ಮ ಇದ್ದಾನೆ, ಮೊದಲಿನದು ಫೈರ್‌ಫಾಕ್ಸ್‌ನಲ್ಲಿ ಈಗಲೂ ಓಡುತ್ತದೆ. ಜಾಹೀರಾತಿನ ಕಾಟಕ್ಕೆ ಹಳೆಯ ಕ್ರೋಮ್ ಹಾಕಿಸಿಕೊಳ್ಳುವ ಬದಲು ಇವೆರಡರಲ್ಲಿ ಒಂದನ್ನು ಹಿಡಿಯುವುದು ಲೇಸು.

ಇಷ್ಟೆಲ್ಲ ಏಕೆ ಹೇಳುತ್ತೇನೆಂದರೆ, ನಮ್ಮ ಅಂಗಡಿಗಳಲ್ಲಿ ಇರುವುದು ಒಂದೇ ಕಂಪ್ಯೂಟರ್. ಅದರಲ್ಲೇ ಜಿ.ಎಸ್.ಟಿ. ರಿಟರ್ನ್, ಬ್ಯಾಂಕು, ಮಗಳ ಪರೀಕ್ಷೆ ಅರ್ಜಿ, ರಾತ್ರಿ ಹಾಡು. ಹಾಡಿಗಾಗಿ ಹಾಕಿದ ಹಳೆಯ ಬ್ರೌಸರಿನಲ್ಲೇ ಬೆಳಿಗ್ಗೆ ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತೇವೆ. ಅಂಗಡಿಗೆ ಎರಡು ಬೀಗ ಹಾಕಿ ನಾಲ್ಕು ಸಲ ಎಳೆದು ನೋಡುವವರು ನಾವು. ಇಲ್ಲಿ ಮಾತ್ರ ಹಿಂಬಾಗಿಲು ಹಾರು ಹೊಡೆದಿರುತ್ತದೆ.

ಹಾಗಾದರೆ ಮಾಡುವುದೇನು? ಮೊದಲು ಕಾರಣ ಹುಡುಕಿ. ಒಂದೇ ಆ್ಯಡ್-ಆನ್ ನಿಂತಿದೆಯೋ, ಎಲ್ಲವೂ ನಿಂತಿವೆಯೋ ನೋಡಿ. ಎಲ್ಲವೂ ಒಟ್ಟಿಗೆ ನಿಂತಿದ್ದರೆ ಎರಡು ದಿನ ತಾಳಿ ಅಪ್‌ಡೇಟ್ ಹಾಕಿ. ಒಂದೇ ಆಗಿದ್ದರೆ ಅದೇ ಕೆಲಸದ ಬೇರೆಯದು ಇದೆಯೇ ನೋಡಿ. ಪದೇ ಪದೇ ಬದಲಾವಣೆ ಬೇಡ ಎನ್ನುವವರಿಗೆ ಇಂದಿನ ಇ.ಎಸ್.ಆರ್. ಸಾಕು. ಹಳೆಯದು ಬೇಕೇ ಬೇಕು ಎಂದಾದರೆ ಅದನ್ನು ಬೇರೆಯಾಗಿ, ಬೇರೆ ಪ್ರೊಫೈಲ್‌ನಲ್ಲಿ ಇಡಿ, ಆ ಒಂದೇ ಕೆಲಸಕ್ಕೆ ತೆರೆದು ಮುಚ್ಚಿ. ಬ್ಯಾಂಕು, ಇಮೇಲ್ ಅದರಲ್ಲಿ ಬೇಡ. ಹಿಂದೆ ಹೋಗುವ ಮುನ್ನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್ ಹೊರಗೆ ತೆಗೆದಿಟ್ಟುಕೊಳ್ಳಿ. ಫೈರ್‌ಫಾಕ್ಸ್ 67ರಿಂದ ಈಚೆಗೆ, ಹೊಸದರ ಪ್ರೊಫೈಲನ್ನು ಹಳೆಯದು ತೆರೆಯಲು ಒಪ್ಪದೆ ಹೊಸ ಪ್ರೊಫೈಲ್ ಮಾಡಿ ಎನ್ನುತ್ತದೆ. ಆಗ ಎಲ್ಲ ಖಾಲಿ ಕಂಡು ಗಾಬರಿಯಾಗುತ್ತದೆ.

ಕೊನೆಯದು, ಮುಖ್ಯವಾದದ್ದು: ಸ್ಟೆಪ್ನಿ ಹಾಕಿದ ದಿನವೇ ನಿಮ್ಮ ಸರಕು ಇಳಿಸಿಕೊಳ್ಳಿ. ಸ್ಕ್ರಾಪ್‌ಬುಕ್ ಕೂಡಿಟ್ಟದ್ದೆಲ್ಲ ಫೋಲ್ಡರುಗಳಲ್ಲಿ ಸಾದಾ ಎಚ್.ಟಿ.ಎಂ.ಎಲ್. ಕಡತಗಳಾಗಿಯೇ ಇರುತ್ತದೆ. ಅವನ್ನು ಕಾಪಿ ಮಾಡಿದರೆ ಯಾವ ಬ್ರೌಸರಿನಲ್ಲೂ ತೆರೆಯಬಹುದು. ನಮ್ಮ ಬ್ಯಾರಿ ಭಾಷೆಗೂ ಇದು ಸಂಬಂಧಿಸಿದ್ದೇ. ನಾವು ಬರೆಯುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲಿ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಹಾಡು, ಕಥೆ, ಮನೆತನದ ವಿವರ ಎಷ್ಟೋ ಮನೆಗಳ ಕಂಪ್ಯೂಟರುಗಳಲ್ಲಿವೆ. ಆ ಫಾಂಟು ಇಲ್ಲದ ಕಡೆ ಅವು ಬರೀ ಗೀಚು. ಅವನ್ನು ಓದಲು ಹಳೆಯ ಕಂಪ್ಯೂಟರನ್ನು ಜೋಪಾನ ಮಾಡುವುದಕ್ಕಿಂತ ಒಂದು ಭಾನುವಾರ ಕೂತು ಯೂನಿಕೋಡ್‌ಗೆ ತಿರುಗಿಸಿ. ಆ ಕಂಪ್ಯೂಟರ್ ಇನ್ನೂ ಆನ್ ಆಗುತ್ತಿರುವಾಗಲೇ ಈ ಕೆಲಸ ಮುಗಿಯಬೇಕು.