ಮೊದಲು ಕುಲುಮೆ, ಆಮೇಲೆ ಕವಿತೆ

ನಮ್ಮ ಸಂಘದ ಪತ್ರಿಕೆಗೆ ಬರುವ ಕವಿತೆಗಳಲ್ಲಿ ಹಳ್ಳಿ ಸಾಯುತ್ತಲೇ ಇರುತ್ತದೆ. ನಾನೂ ಒಂದೆರಡು ಸಲ ಸಾಯಿಸಿದ್ದೇನೆ, ಸುಳ್ಳೇಕೆ? ಆದರೆ ಐರ್ಲೆಂಡಿನ ಹಳ್ಳಿಶಾಲೆಯ ಮಕ್ಕಳು ತಮ್ಮೂರ ಕಮ್ಮಾರರ ಬಗ್ಗೆ ಬರೆದದ್ದನ್ನು ಓದಿದ ಮೇಲೆ ನಾಚಿಕೆಯಾಯಿತು.

1937ರಿಂದ 1939ರವರೆಗೆ ಅಲ್ಲಿಯ ಜಾನಪದ ಆಯೋಗ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳಿಗೆ, ಹಿರಿಯರನ್ನು ಕೇಳಿ ಬರೆದು ತನ್ನಿ ಎಂದಿತು. ಕೇಳಬೇಕಾದ ಸಂಗತಿಗಳಲ್ಲಿ ಊರ ಕುಲುಮೆಯೂ ಒಂದು. ಮಕ್ಕಳು 'ಅಯ್ಯೋ ಪಾಪ' ಅಂತ ಬರೆಯಲಿಲ್ಲ. ತಮ್ಮ ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ಹಳ್ಳಿಗಳಲ್ಲಿ, ಕುಲುಮೆ ಎಷ್ಟಿವೆ, ಎಲ್ಲಿವೆ. ಮಾಡು ಹುಲ್ಲಿನದೋ ಸ್ಲೇಟಿನದೋ. ತಿದಿ ಎಂಥದ್ದು ಎಂದು ಬರೆದರು. ಕುದುರೆಗೆ ಲಾಳ ಹೊಡೆಯುವುದು, ಗುದ್ದಲಿ ಮಾಡುವುದು, ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಮರದ ಗಾಲಿಗೆ ಕೂರಿಸಿ, ನೀರು ಸುರಿದು ಬಿಗಿಮಾಡುವುದು, ಎಲ್ಲಾ ಬಂತು. ಕಬ್ಬಿಣ ತಣಿಸಿದ ನೀರಲ್ಲಿ ಕೈ ಅದ್ದಿದರೆ ನರುಲಿ ಹೋಗುತ್ತದೆ ಎಂಬ ನಂಬಿಕೆಯೂ ಬಂತು.

ಎರಡನೇ ಮಹಾಯುದ್ಧದ ನಂತರ ಟ್ರಾಕ್ಟರು ಬಂದು ಕುದುರೆ ಹೋಯಿತು. ಅದರ ಹಿಂದೆಯೇ ಕುಲುಮೆಗಳೂ ಒಂದೊಂದಾಗಿ ಮುಚ್ಚಿದವು. ಕೆಲವರು ವೆಲ್ಡಿಂಗ್ ಹಿಡಿದರು. ಮೆಕ್‌ಗೋವನ್ ಎಂಬ ಮನೆತನದ ಹೆಸರು ಅಲ್ಲಿ ಇಂದಿಗೂ ಉಂಟು. ಅರ್ಥ, ಕಮ್ಮಾರನ ಮಗ. ಹೆಸರು ತಾನಾಗಿಯೇ ಉಳಿಯುತ್ತದೆ, ಕೆಲಸದ ತಿಳಿವಳಿಕೆಯನ್ನು ಯಾರಾದರೂ ಕೇಳಿ ಬರೆದಿಡಬೇಕು.

ಬರೆದಿಟ್ಟರೆ ಯಾರ ಹೊಟ್ಟೆ ತುಂಬಿತು ಅಂತ ಗೆಳೆಯನೊಬ್ಬ ಕೇಳಿದ. ನಿಜ, ಮಕ್ಕಳ ಬರಹ ಕುಲುಮೆಗಳನ್ನು ಬದುಕಿಸಲಿಲ್ಲ. ಹೊಗೆ ಕುಡಿದು, ಕೈ ಸುಟ್ಟುಕೊಂಡು ದುಡಿಯುವ ಬದುಕನ್ನು ಹಾಗೇ ಇರಲಿ ಎನ್ನುವ ಹಕ್ಕೂ ನಮಗಿಲ್ಲ. ಆದರೆ ಕಮ್ಮಾರನಿಗೆ ಏನು ಗೊತ್ತಿತ್ತು ಎಂದು ವಿಚಾರಿಸುವುದು ಅವನಿಗೆ ತೋರಿಸುವ ಮರ್ಯಾದೆ. ಕೇಳದೆಯೇ ಅವನ ಪರವಾಗಿ ಅಳುವುದು ಮರ್ಯಾದೆಯಲ್ಲ.

ನನ್ನಜ್ಜನ ಊರಲ್ಲೂ ಒಂದು ಕುಲುಮೆ ಇತ್ತು. ಮುಂಬಯಿಯಿಂದ ರಜೆಗೆ ಹೋದಾಗ ತಿದಿ ಒತ್ತಿದ್ದೇನೆ. ಕಾದ ಕಬ್ಬಿಣ ಯಾವ ಬಣ್ಣಕ್ಕೆ ತಿರುಗಿದಾಗ ಸುತ್ತಿಗೆ ಬೀಳಬೇಕು ಎಂದು ಕಮ್ಮಾರಜ್ಜನನ್ನು ಒಮ್ಮೆಯೂ ಕೇಳಲಿಲ್ಲ. ಅವರು ತೀರಿಕೊಂಡ ಮೇಲೆ ಕವಿತೆ ಬರೆದೆ. ಅದರಲ್ಲಿ ಕಿಡಿ, ಬೆವರು ಎಲ್ಲಾ ಇದೆ. ಇಕ್ಕಳ ಎಲ್ಲಿ ಹಿಡಿಯುತ್ತಿದ್ದರು ಎಂಬುದು ಮಾತ್ರ ಇಲ್ಲ.

ಗೆಳೆಯರೇ, ಈ ರಜೆಯಲ್ಲಿ ಊರಿಗೆ ಹೋಗುವವರು ಒಂದು ನೋಟ್‌ಬುಕ್ ಒಯ್ಯಿರಿ. ಕೇಳಿದ್ದನ್ನು ಕೇಳಿದ ಹಾಗೇ ಬರ್ಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೇ ಮೊದಲ ಪುಟ ಕೊಡೋಣ. ಕವಿತೆ ಸ್ವಲ್ಪ ಕಾಯಲಿ.