ಡಿಗ್ರಿಯ ವಿಚಾರ ಹತ್ತನೇ ತರಗತಿಯಲ್ಲೇ ಆಗಲಿ

ಚಿದ್ರಿ, ಬೀದರ ನಗರ, ಭಾಲ್ಕಿ ಮತ್ತು ಔರಾದ ಭಾಗದ ಪಾಲಕರಿಗೆ, ಶಿಕ್ಷಕರಿಗೆ, ವಿದ್ಯಾರ್ಥಿಗಳಿಗೆ ಮನವಿ



ಪಿಯುಸಿ ಫಲಿತಾಂಶ ಬಂದ ಕೂಡಲೇ ಮನೆಮನೆಯಲ್ಲಿ ಒಂದೇ ಮಾತು: “ಮುಂದ ಯಾವುದಕ್ಕ ಹಚ್ಚಬೇಕು?” ಈ ಮಾತು ಎರಡು ವರ್ಷ ತಡವಾಗಿ ಬರುತ್ತಿದೆ. ಪಿಯು ಅರ್ಜಿಯಲ್ಲಿ ಕಾಂಬಿನೇಷನ್ ಬರೆದ ದಿನವೇ ಎಷ್ಟೋ ಪದವಿಗಳು ಮಗುವಿನ ಕೈತಪ್ಪಿರುತ್ತವೆ. ಆದ್ದರಿಂದ ಪದವಿ ಕೋರ್ಸುಗಳನ್ನೂ ಅವುಗಳ ಪ್ರವೇಶ ನಿಯಮಗಳನ್ನೂ ಹೋಲಿಸಿ ನೋಡುವ ಕೆಲಸ ಹತ್ತನೇ ತರಗತಿಯಲ್ಲೇ ಆಗಬೇಕು. ಇದೇ ನಮ್ಮ ಒತ್ತಾಯ.

ನಮ್ಮ ಜಿಲ್ಲೆಯಲ್ಲೇ ಏನೇನಿದೆ?

ಬೀದರಿನಲ್ಲಿ ವೈದ್ಯಕೀಯ ಕಾಲೇಜು ಬ್ರಿಮ್ಸ್ ಇದೆ. ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಅದರ ಕಾಲೇಜೂ ಇವೆ. ತೋಟಗಾರಿಕೆ ಕಾಲೇಜಿದೆ. ಎಂಜಿನಿಯರಿಂಗ್‌ಗೆ ಬೀದರಿನ ಗುರುನಾನಕ ದೇವ್ ಕಾಲೇಜು, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆ ಇವೆ. ಬೀದರ, ಭಾಲ್ಕಿ, ಔರಾದ ಮೂರರಲ್ಲೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಬೀದರ ವಿಶ್ವವಿದ್ಯಾಲಯವೇ ಬಂದಿದೆ. ಲಾತೂರು, ಹೈದರಾಬಾದಿನ ಬಸ್ಸು ಹತ್ತಿಸುವ ಮೊದಲು ಇವುಗಳ ಲೆಕ್ಕ ಹಾಕಿ.

ಒಂದೊಂದಕ್ಕೆ ಒಂದೊಂದು ನಿಯಮ

ಎಂಬಿಬಿಎಸ್: ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ರ‍್ಯಾಂಕ್ ಕೊಡುವುದು ನೀಟ್ ಒಂದೇ. ಪಿಯುಸಿ ಅಂಕ ಅರ್ಹತೆಗೆ ಮಾತ್ರ. ನೀಟನ್ನು ಕನ್ನಡದಲ್ಲೂ ಬರೆಯಬಹುದು.

ಎಂಜಿನಿಯರಿಂಗ್: ಗಣಿತ, ಭೌತಶಾಸ್ತ್ರ ಕಡ್ಡಾಯ. ಸಿಇಟಿ ರ‍್ಯಾಂಕ್‌ನಲ್ಲಿ ಪಿಯುಸಿ ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ ತೂಕ. ಕೋಚಿಂಗ್ ನಂಬಿ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸಿದ ವಿದ್ಯಾರ್ಥಿಗೆ ಇಲ್ಲಿಯೇ ಪೆಟ್ಟು ಬೀಳುತ್ತದೆ. ಎಸ್ಸೆಸ್ಸೆಲ್ಸಿ ನಂತರ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರಬಹುದು.

ಪಶುವೈದ್ಯಕೀಯ: ಜೀವಶಾಸ್ತ್ರ ಬೇಕು. ರಾಜ್ಯದ ಸೀಟಿಗೆ ಸಿಇಟಿ, ಅಖಿಲ ಭಾರತ ಕೋಟಾಕ್ಕೆ ನೀಟ್. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಕೃಷಿ, ತೋಟಗಾರಿಕೆ, ಪಶುವೈದ್ಯಕೀಯ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಎತ್ತು, ಎಮ್ಮೆ, ತೊಗರಿ ಹೊಲದ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಇದು ದೊಡ್ಡ ಅವಕಾಶ.

ಬಿಎ, ಬಿಕಾಂ, ಬಿಎಸ್ಸಿ: ನಮ್ಮ ಕಾಲೇಜುಗಳಲ್ಲಿ ಪಿಯುಸಿ ಅಂಕದ ಮೇಲೆ ಪ್ರವೇಶ. 2024-25ರಿಂದ ರಾಜ್ಯದಲ್ಲಿ ಇವು ಮತ್ತೆ ಮೂರು ವರ್ಷದ ಪದವಿಗಳು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ದಾರಿ ಬೇರೆ, ಅಲ್ಲಿಗೆ ಸಿಯುಇಟಿ ಬರೆಯಬೇಕು. ವಿಜ್ಞಾನ ಓದಿದವರು ಬಿಎಗೆ ಬರಬಹುದು. ಕಲಾ ವಿಭಾಗದವರು ಭೌತಶಾಸ್ತ್ರದ ಬಿಎಸ್ಸಿಗೆ ಹೋಗಲಾಗದು.

ಕಾಗದಪತ್ರಕ್ಕೆ ಕೊನೆ ದಿನ ಕಾಯಬೇಡಿ

ಸಂವಿಧಾನದ 371ಜೆ ವಿಧಿ ನಮ್ಮ ಭಾಗ ಹೋರಾಡಿ ಪಡೆದ ಹಕ್ಕು. ಇದರಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟು ಮೀಸಲು. ಅರ್ಹತಾ ಪ್ರಮಾಣಪತ್ರ ಕೊಡುವವರು ಸಹಾಯಕ ಆಯುಕ್ತರು. ಕೌನ್ಸೆಲಿಂಗ್ ವಾರದಲ್ಲಿ ಓಡಾಡುವ ಬದಲು ಮಗು ಹತ್ತನೇ ತರಗತಿಯಲ್ಲಿರುವಾಗಲೇ ಅದನ್ನು ಮಾಡಿಸಿಟ್ಟುಕೊಳ್ಳಿ.

ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ 15. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಎಂಟನೇ ತರಗತಿಗೆಂದು ಮಗುವನ್ನು ಹಳ್ಳಿಯಿಂದ ಬೀದರಿನ ಶಾಲೆಗೆ ಸೇರಿಸಿದರೆ ಈ ಮೀಸಲಾತಿ ಹೋಗುತ್ತದೆ. ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲು. ಔರಾದದ ಹಳ್ಳಿಗಳಲ್ಲಿ ಮರಾಠಿ ಮಾಧ್ಯಮದಲ್ಲಿ ಓದಿದವರಿಗೆ ಇದು ಸಿಗದು, ಗ್ರಾಮೀಣ ಮೀಸಲಾತಿ ಸಿಗುತ್ತದೆ. ಈ ಮೀಸಲಾತಿಗಳ ಪ್ರಮಾಣಪತ್ರಕ್ಕೆ ಮುಖ್ಯಶಿಕ್ಷಕರ ಸಹಿ, ಬಿಇಒ ಮೇಲುಸಹಿ ಎರಡೂ ಬೇಕು.

ಉದಗೀರ, ಲಾತೂರಿನಲ್ಲಿ ಹನ್ನೆರಡನೇ ತರಗತಿ ಓದಿದವರೂ ಕರ್ನಾಟಕದ ಸೀಟಿಗೆ ಅರ್ಹರಾಗಬಹುದು. ಅದಕ್ಕೆ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿ, ಹತ್ತನೇ ತರಗತಿಯನ್ನು ಇಲ್ಲಿಯೇ ಪಾಸಾಗಿರಬೇಕು. ಹತ್ತನ್ನೂ ಹನ್ನೆರಡನ್ನೂ ಗಡಿಯಾಚೆ ಮುಗಿಸುವ ಮುನ್ನ ಎರಡು ಸಲ ಯೋಚಿಸಿ.

“ಹದಿನೈದರ ಹುಡುಗರಿಗೆ ಏನು ತಿಳಿಯುತ್ತದೆ?”

ಹೀಗೆ ಕೇಳುವವರಿದ್ದಾರೆ. ಹದಿನೈದಕ್ಕೇ ಬದುಕು ನಿರ್ಧರಿಸಿ ಎಂದು ನಾವು ಹೇಳುತ್ತಿಲ್ಲ. ಆದರೆ ವಿಷಯಗಳ ಆಯ್ಕೆಯನ್ನು ವ್ಯವಸ್ಥೆ ಆ ವಯಸ್ಸಿನಲ್ಲೇ ಕೇಳುತ್ತದೆ. ಉತ್ತರ ಕೊಡಲೇಬೇಕೆಂದಾದರೆ ತಿಳಿದು ಕೊಡುವುದು ಒಳ್ಳೆಯದು. ಎಲ್ಲರನ್ನೂ ವಿಜ್ಞಾನಕ್ಕೆ ನೂಕುವುದೂ ಪರಿಹಾರವಲ್ಲ. ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗದವರೂ ಸೇರಬಹುದು. ಕೆಎಎಸ್ ಬರೆಯಲು ಯಾವ ಪದವಿಯಾದರೂ ಸಾಕು. ಇತಿಹಾಸ ಇಷ್ಟಪಡುವ ಹುಡುಗಿಯನ್ನು ಒತ್ತಾಯದಿಂದ ಪ್ರಯೋಗಾಲಯಕ್ಕೆ ಕಳಿಸಿ ಎರಡು ವರ್ಷ ಹಾಳುಮಾಡಬೇಡಿ.

ನಮ್ಮ ಬೇಡಿಕೆಗಳು

1. ಪ್ರತಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ ಮುಗಿಯುವ ಮೊದಲು ಪಾಲಕರ ಸಭೆ ಕರೆದು ಕೋರ್ಸು, ಪರೀಕ್ಷೆ, ಶುಲ್ಕ, ವರ್ಷಗಳನ್ನು ಪಕ್ಕಪಕ್ಕಕ್ಕಿಟ್ಟು ವಿವರಿಸಬೇಕು.
2. ಆ ಪಟ್ಟಿ ಕನ್ನಡದಲ್ಲಿ ಗ್ರಾಮ ಪಂಚಾಯಿತಿ, ಗ್ರಂಥಾಲಯಗಳ ಗೋಡೆಯ ಮೇಲಿರಬೇಕು. ನಿಯಮ ಬದಲಾದರೆ ಪಟ್ಟಿಯೂ ಬದಲಾಗಬೇಕು.
3. 371ಜೆ ಪ್ರಮಾಣಪತ್ರಕ್ಕೆ ಶಾಲೆಗಳಲ್ಲೇ ಶಿಬಿರ ನಡೆಯಬೇಕು.
4. ಜಿಲ್ಲೆಯ ಕಾಲೇಜುಗಳು ವರ್ಷಕ್ಕೊಂದು ದಿನ ಹತ್ತನೇ ತರಗತಿಯ ಮಕ್ಕಳಿಗೆ ಬಾಗಿಲು ತೆರೆಯಬೇಕು.

ಪಾಲಕರೇ, ಈ ವಾರವೇ ನಿಮ್ಮ ಮಗುವಿನ ಶಾಲೆಗೆ ಹೋಗಿ ಮುಖ್ಯಶಿಕ್ಷಕರನ್ನು ಕಂಡು ಸಭೆಯ ದಿನ ಗೊತ್ತುಮಾಡಿಸಿ. ಓದು ಬಾರದ ನೆರೆಯವರಿಗೆ ಈ ಕರಪತ್ರ ಓದಿ ಹೇಳಿ. ಸೀಟು ನಮ್ಮ ಊರಿನಲ್ಲೇ ಇದ್ದು, ನಿಯಮ ತಿಳಿಯದ ಕಾರಣಕ್ಕೆ ನಮ್ಮ ಒಂದು ಮಗುವೂ ಹೊರಗುಳಿಯಬಾರದು.

— ಚಿದ್ರಿಯ ಪಾಲಕರು ಮತ್ತು ಪದವೀಧರರು