ಬಂದವರ ವಿದ್ಯೆ, ನಿಂತವರ ಹೊಣೆ

ಪುರಾತತ್ವ ಶಾಸ್ತ್ರದ ಚರಿತ್ರೆಯನ್ನು ಬರೆಯುವವರು ದೇಶದಿಂದ ದೇಶಕ್ಕೆ ಸಂಚರಿಸಿದ ಮಹನೀಯರ ದಿಗ್ವಿಜಯಗಳನ್ನೇ ಹೆಚ್ಚಾಗಿ ವರ್ಣಿಸುತ್ತಾರೆ. ಆ ಕೀರ್ತಿ ಅವರಿಗೆ ಸಲ್ಲತಕ್ಕದ್ದೇ. ಆದರೆ ಶಾಸ್ತ್ರ ಬೆಳೆಯುವುದು ಅಷ್ಟರಿಂದಲೇ ಅಲ್ಲವೆಂಬುದು ನನ್ನ ಅಭಿಪ್ರಾಯ. ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯೇ ಇದಕ್ಕೆ ಸಾಕ್ಷಿ.

ಇಂಗ್ಲೆಂಡಿನ ಮೇಡನ್ ಕ್ಯಾಸಲ್ ಮೊದಲಾದ ನೆಲೆಗಳಲ್ಲಿ ಪಳಗಿದ ಮಾರ್ಟಿಮರ್ ವ್ಹೀಲರ್ 1944ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಬಂದರು. ಮಣ್ಣಿನ ಒಂದೊಂದು ಸ್ತರವನ್ನೂ ಗುರುತಿಸಿ, ದೊರೆತ ವಸ್ತುವನ್ನು ಅದರ ಸ್ತರದೊಡನೆಯೇ ದಾಖಲಿಸುವ ಶಿಸ್ತನ್ನು ತಕ್ಷಶಿಲೆಯಲ್ಲಿ ನಮ್ಮ ತರುಣರಿಗೆ ಕಲಿಸಿದರು. 1945ರಲ್ಲಿ ಅರಿಕಮೇಡನ್ನೂ 1947ರಲ್ಲಿ ಬ್ರಹ್ಮಗಿರಿ, ಚಂದ್ರವಳ್ಳಿಗಳನ್ನೂ ಅಗೆಸಿದರು. ಕೊನೆಯ ಎರಡು ನೆಲೆಗಳಲ್ಲಿ ಅವರಿಗಿಂತ ಮೊದಲೇ ಅಗೆತ ನಡೆಸಿದ್ದವರು ಮೈಸೂರಿನ ಡಾ. ಎಂ. ಎಚ್. ಕೃಷ್ಣ ಎಂಬುದನ್ನು ನಾವು ಮರೆಯಬಾರದು.

ಅರಿಕಮೇಡಿನಲ್ಲಿ ರೋಮನ್ ಮಡಕೆಗಳು, ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳು ದೊರೆತಿದ್ದುವು. ಅವುಗಳ ಕಾಲ ಗೊತ್ತಿದ್ದುದರಿಂದ, ಅಲ್ಲಿಂದ ಹಿಂದಕ್ಕೆಣಿಸಿ, ಬ್ರಹ್ಮಗಿರಿಯ ಬೃಹತ್ ಶಿಲಾಸಮಾಧಿಗಳ ಸಂಸ್ಕೃತಿ ಕ್ರಿ. ಪೂ. 200ರ ಸುಮಾರಿಗೆ ಆರಂಭವಾಯಿತೆಂದು ವ್ಹೀಲರ್ ನಿರ್ಣಯಿಸಿದರು. ಅಂದಿನ ಸಾಧನಗಳಿಗೆ ಅದು ಒಪ್ಪುವ ತರ್ಕವೇ. ಆದರೆ ಅಳತೆಗೋಲು ಕಡಲಾಚೆಯ ಸರಕು; ಅದು ಬರುವುದಕ್ಕೆ ಮುಂಚಿನ ಕಾಲವನ್ನು ಅಳೆಯುವ ಶಕ್ತಿ ಅದಕ್ಕಿರಲಿಲ್ಲ.

1965ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆತ ನಡೆಸಿದರು. ಅಲ್ಲಿಯ ಇದ್ದಿಲಿನ ಇಂಗಾಲ ಪರೀಕ್ಷೆಯಿಂದ, ಈ ಸೀಮೆಯಲ್ಲಿ ಕಬ್ಬಿಣದ ಬಳಕೆ ಕ್ರಿ. ಪೂ. 1000ದ ಸುಮಾರಿಗೇ ಇದ್ದಿತೆಂದು ತಿಳಿದುಬಂತು. ಎಂಟು ಶತಮಾನಗಳ ಅಂತರ ಅಲ್ಪವಲ್ಲ. ಕಾಲವನ್ನು ಅಷ್ಟು ಈಚೆಗೆ ಎಳೆದರೆ, ತಾನೇ ಕಬ್ಬಿಣ ಕಾಯಿಸಿದ ಜನ ಇತರರಿಂದ ಎರವಲು ತಂದವರಂತೆ ಕಾಣುತ್ತಾರೆ.

ಇದರಿಂದ ವ್ಹೀಲರ್ ಕಿರಿಯರಾದರೆಂದು ಯಾರೂ ಭಾವಿಸಬೇಕಾಗಿಲ್ಲ. ಯಾವ ಇದ್ದಿಲು ಯಾವ ಸ್ತರದ್ದೆಂದು ತಿಳಿಯದಿದ್ದರೆ ಪರೀಕ್ಷೆಗೂ ಬೆಲೆಯಿಲ್ಲ. ಆ ಸ್ತರಜ್ಞಾನವನ್ನು ಇಲ್ಲಿ ನೆಲೆಗೊಳಿಸಿದವರು ಅವರೇ. ಗುರುವಿನ ವಿದ್ಯೆಯಿಂದಲೇ ಗುರುವಿನ ನಿರ್ಣಯ ತಿದ್ದುಪಡಿಯಾಗುವುದು ವಿದ್ಯೆಗೆ ಗೌರವ. ತಕ್ಷಶಿಲೆಯಲ್ಲಿ ಅವರ ಕೈಕೆಳಗೆ ಕಲಿತ ಬಿ. ಬಿ. ಲಾಲ್, ಆಸ್ವಾನ್ ಅಣೆಕಟ್ಟಿನಿಂದ ಮುಳುಗಲಿದ್ದ ನೂಬಿಯಾದಲ್ಲಿ 1962ರಲ್ಲಿ ಭಾರತದ ತಂಡದೊಡನೆ ಉತ್ಖನನ ನಡೆಸಿದರು. ಬಂದ ವಿದ್ಯೆ ಹೀಗೆ ಮತ್ತೊಂದು ದೇಶಕ್ಕೂ ಸಂದಿತು.

ಹೊರಗಿನವರು ನಮ್ಮ ಚರಿತ್ರೆಯನ್ನು ಕೆಡಿಸಿದರೆನ್ನುವುದೂ, ಅವರು ಹೇಳಿದ್ದೇ ವೇದವಾಕ್ಯವೆನ್ನುವುದೂ ಒಂದೇ ಸೋಮಾರಿತನದ ಎರಡು ಮುಖಗಳು. ಎರಡರಲ್ಲಿಯೂ ಗುದ್ದಲಿ ಹಿಡಿಯುವ ಶ್ರಮವಿಲ್ಲ. ಬಂದವರು ವಿಧಾನವನ್ನು ಕೊಟ್ಟು ಹೋಗುತ್ತಾರೆ. ಅದರಿಂದ ಹೊರಟ ನಿರ್ಣಯಗಳನ್ನು ಮತ್ತೆ ಮತ್ತೆ ಪರೀಕ್ಷಿಸಬೇಕಾದ ಹೊಣೆ ಇಲ್ಲಿ ನಿಂತವರದು. ಉಪಾಧ್ಯಾಯರು ವಿದ್ಯಾರ್ಥಿಗಳಿಗೆ ಇಸವಿಗಳನ್ನಷ್ಟೇ ಒಪ್ಪಿಸದೆ, ಅವು ಹೇಗೆ ಗೊತ್ತಾದುವೆಂಬುದನ್ನೂ ಹೇಳಿಕೊಡಲಿ. ಅಗೆದವರು ತಮ್ಮ ವರದಿಯನ್ನು ಆ ಹಳ್ಳಿಯ ಜನ ಓದಬಲ್ಲ ಕನ್ನಡದಲ್ಲಿಯೂ ಕೊಡಲಿ. ನೆಲ ಅವರದು; ಅದರ ಮಾತು ಅವರಿಗೂ ತಿಳಿಯಬೇಕು.